ಪ್ರೀಮಿಯರ್ ಪದ್ಮಿನಿಗೆ ಬೇರೆ ಸ್ಟೀರಿಂಗ್ ವೀಲ್ ಹಾಕಬಹುದೇ?

ನಿಮ್ಮ ತಂದೆಯವರ 1986ರ ಪದ್ಮಿನಿಯ ಸ್ಟೀರಿಂಗ್ ವೀಲ್ ಬಿರುಕು ಬಿಟ್ಟಿದೆ, ಗೇರ್ ಇನ್ನೂ ಸ್ಟೀರಿಂಗ್ ಕಂಬದಲ್ಲೇ ಇದೆ, ಆನ್‌ಲೈನಿನಲ್ಲಿ ನೋಡಿದ 13 ಇಂಚಿನ ಮೊಮೊ (ರೇಸಿಂಗ್ ವೀಲ್‌ಗೆ ಹೆಸರಾದ ಕಂಪನಿ) ಮಾದರಿಯ ವೀಲ್ ಹಾಕಬಹುದೇ ಎಂದು ಕೇಳಿದ್ದೀರಿ. ಬೇರೆ ವೀಲ್ ಖಂಡಿತ ಹಾಕಬಹುದು. ಆದರೆ 13 ಇಂಚಿನದು ಬೇಡ. ಮತ್ತು ವೀಲ್‌ಗೆ ದುಡ್ಡು ಕೊಡುವ ಮೊದಲು ಹಬ್ ಹುಡುಕಿ. ನಾನೂ ಪದ್ಮಿನಿ ಓಡಿಸುವವನು. ಚೆಂದದ ವೀಲ್ ಕೊಂಡು ತಂದು, ಹಬ್ ಸಿಗದೆ ಅಟ್ಟದ ಮೇಲೆ ಎಸೆದವರನ್ನು ಬೇಕಾದಷ್ಟು ನೋಡಿದ್ದೇನೆ.

ಹಬ್ ಎಂದರೆ ಕಂಬದೊಳಗಿನ ಶಾಫ್ಟಿಗೂ ಹೊಸ ವೀಲಿಗೂ ನಡುವೆ ಕೂರುವ ತುಂಡು. ಶಾಫ್ಟಿನ ತುದಿಯಲ್ಲಿ ಸಣ್ಣ ಹಲ್ಲುಗಳಿರುತ್ತವೆ. ಹಬ್‌ನ ಒಳಗಿನ ಹಲ್ಲುಗಳು ಅವಕ್ಕೆ ಕರಾರುವಾಕ್ಕಾಗಿ ಕೂರಬೇಕು. ‘ಹೆಚ್ಚುಕಡಿಮೆ ಕೂರುತ್ತದೆ’ ಎಂದು ಅಂಗಡಿಯವರು ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ವೀಲಿನ ಕಡೆಯಲ್ಲೂ ಅಳತೆಯ ತಕರಾರಿದೆ. ಮೊಮೊ, ಸ್ಪಾರ್ಕೊ ವೀಲ್‌ಗಳ ಆರು ತೂತುಗಳು 70 ಮಿ.ಮೀ. ವ್ಯಾಸದ ವೃತ್ತದ ಮೇಲಿರುತ್ತವೆ, ನಾರ್ಡಿಯವು 74ರ ಮೇಲೆ. ಕಣ್ಣಿಗೆ ಎರಡೂ ಒಂದೇ ತರಹ ಕಾಣುತ್ತವೆ, ಬೋಲ್ಟು ಮಾತ್ರ ಇಳಿಯುವುದಿಲ್ಲ. ತೂತನ್ನು ಅರದಿಂದ ಉಜ್ಜಿ ದೊಡ್ಡದು ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ಜೀವ ಹಿಡಿದಿರುವ ಭಾಗಕ್ಕೆ ಅದನ್ನು ದಯವಿಟ್ಟು ಮಾಡಿಸಬೇಡಿ.

ಪದ್ಮಿನಿಗೆ ಸಿದ್ಧ ಹಬ್ ಸಿಗದಿದ್ದರೆ ಒಂದು ದಾರಿ ಇದೆ. ಬೆಂಗಳೂರಿನಲ್ಲಿದ್ದರೆ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಇದೇ ಕಾರಿನ ಮುರಿದ ಸ್ಟೀರಿಂಗ್ ವೀಲ್ ಒಂದನ್ನು ಹುಡುಕಿ. ಅದರ ನಡುಭಾಗದಲ್ಲಿ ನಿಮ್ಮ ಶಾಫ್ಟಿಗೆ ಹೊಂದುವ ಹಲ್ಲು ಈಗಾಗಲೇ ಇರುತ್ತದೆ. ಒಳ್ಳೆಯ ಲೇತ್ ಅಂಗಡಿಯಲ್ಲಿ ಕಡ್ಡಿಗಳನ್ನು ಕತ್ತರಿಸಿ, ನಡುಭಾಗವನ್ನು ಟರ್ನ್ ಮಾಡಿಸಿ, ಅದಕ್ಕೊಂದು ಉಕ್ಕಿನ ತಟ್ಟೆ ಕೂರಿಸಿ, 60 ಡಿಗ್ರಿಗೊಂದರಂತೆ ಆರು ತೂತು ಹಾಕಿಸಬಹುದು. ವೆಲ್ಡಿಂಗ್‌ಗೆ ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಅದು ಎರಕದ ಮಿಶ್ರಲೋಹ, ಉಕ್ಕಿಗೆ ವೆಲ್ಡ್ ಆಗದು, ಬೋಲ್ಟ್ ಹಾಕಿಯೇ ಜೋಡಿಸಬೇಕು. ನಿಮ್ಮ ಕಾರಿನಲ್ಲಿರುವ ಮೂಲ ವೀಲನ್ನು ಮಾತ್ರ ಕತ್ತರಿಸಬೇಡಿ.

ಈಗ ಗಾತ್ರದ ವಿಷಯ. ಪದ್ಮಿನಿಗೆ ಪವರ್ ಸ್ಟೀರಿಂಗ್ ಇಲ್ಲ, ತಿರುಗಿಸುವ ಬಲವೆಲ್ಲ ನಿಮ್ಮ ತೋಳಿನದು. ವ್ಯಾಸ ಕಡಿಮೆಯಾದಷ್ಟೂ ಬಲ ಹೆಚ್ಚು ಬೇಕು. 400 ಮಿ.ಮೀ. ವೀಲ್ ತೆಗೆದು 330ರದ್ದು, ಅಂದರೆ ನೀವು ಹೇಳಿದ 13 ಇಂಚಿನದು, ಹಾಕಿದರೆ ಶೇಕಡಾ 21ರಷ್ಟು ಹೆಚ್ಚು ಬಲ ಹಾಕಬೇಕಾಗುತ್ತದೆ. 380ರದ್ದಾದರೆ ಹೆಚ್ಚಳ ಕೇವಲ ಶೇಕಡಾ 5. ಹೆದ್ದಾರಿಯಲ್ಲಿ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ಇಕ್ಕಟ್ಟಾದ ಗಲ್ಲಿಯಲ್ಲಿ ನಿಂತ ಕಾರನ್ನು ಹಿಂದೆ ಮುಂದೆ ಮಾಡಿ ಹೊರತೆಗೆಯುವಾಗ ಭುಜಕ್ಕೆ ತಿಳಿಯುತ್ತದೆ. ನಿಮ್ಮ ತಂದೆಯವರು ಈಗಲೂ ಆ ಕಾರು ಓಡಿಸುತ್ತಾರೆ ಎಂದಿದ್ದೀರಿ. ಅವರಿಗಾಗಿಯಾದರೂ ಮೂಲ ಗಾತ್ರಕ್ಕೆ ಹತ್ತಿರವಿರುವುದನ್ನೇ ಆರಿಸಿ.

ಅದಕ್ಕಿಂತ ಮುಖ್ಯವಾದದ್ದು ಗೇರ್ ಲಿವರ್. ನೆಲದ ಗೇರಿನ ಕಾರಿಗೆ ಬರೆದ ಸಲಹೆಗಳನ್ನು ಓದಿ ವೀಲ್ ಕೊಳ್ಳುವವರು ಇದನ್ನು ಮರೆಯುತ್ತಾರೆ. ಹಬ್ ಗಿಡ್ಡವಾದರೆ ವೀಲ್ ಡ್ಯಾಶ್‌ಬೋರ್ಡಿನ ಕಡೆ ಸರಿದು, ಲಿವರಿಗೂ ವೀಲಿನ ಅಂಚಿಗೂ ನಡುವೆ ಜಾಗ ಉಳಿಯುವುದಿಲ್ಲ. ಉದ್ದವಾದರೆ ವೀಲ್ ಎದೆಗೆ ಬರುತ್ತದೆ, ಲಿವರ್ ಮತ್ತು ಇಂಡಿಕೇಟರ್ ಕಡ್ಡಿ ಎರಡೂ ಬೆರಳಿಗೆ ದೂರವಾಗುತ್ತವೆ. ಹಾಗಾಗಿ ಹಬ್ ಮಾಡಿಸುವ ಮೊದಲು ರಟ್ಟಿನಲ್ಲಿ ಹೊಸ ವೀಲಿನ ಗಾತ್ರದ ಬಳೆ ಕತ್ತರಿಸಿ ಕಂಬದ ಮುಂದೆ ಹಿಡಿಸಿ. ನೀವು ಸೀಟಿನಲ್ಲಿ ಕುಳಿತು, ಕ್ಲಚ್ ಒತ್ತಿ, ಎಲ್ಲ ಗೇರ್‌ಗಳನ್ನೂ ಹಾಕಿ ನೋಡಿ. ಲಿವರನ್ನು ನಿಮ್ಮತ್ತ ಎಳೆದು ಸರಿಸುವಾಗ ಎಡಗೈ ಗೆಣ್ಣುಗಳು ರಟ್ಟಿಗೆ ತಾಗಬಾರದು. ನಡುವೆ ಎರಡು ಬೆರಳಿನ ಜಾಗವಾದರೂ ಇರಲಿ. ಅದೇ ಹೊತ್ತಿಗೆ ವೇಗಮಾಪಕದ ಅಂಕಿಗಳು ಬಳೆಯ ಹಿಂದೆ ಮರೆಯಾಗುತ್ತವೆಯೇ ಎಂದೂ ನೋಡಿ. ಹಬ್‌ನ ಉದ್ದ ಎಷ್ಟಿರಬೇಕು ಎಂಬುದು ಈ ರಟ್ಟಿನಿಂದ ತಿಳಿಯುತ್ತದೆ, ಯಾವ ಕ್ಯಾಟಲಾಗಿನಿಂದಲೂ ಅಲ್ಲ.

ಹಳೆಯ ವೀಲ್ ಬಿಚ್ಚುವಾಗ ಆತುರ ಬೇಡ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಮುಂದಿನ ಚಕ್ರಗಳನ್ನು ನೇರ ನಿಲ್ಲಿಸಿ, ಹಾರ್ನ್ ಗುಂಡಿ ತೆಗೆದರೆ ನಡುವಿನ ನಟ್ಟು ಕಾಣುತ್ತದೆ. ಶಾಫ್ಟಿಗೂ ವೀಲಿಗೂ ಸೇರಿದಂತೆ ಪಂಚಿನಿಂದ ಒಂದು ಗುರುತು ಹಾಕಿ. ನಟ್ಟನ್ನು ಸಡಿಲಿಸಿ, ಪೂರ್ತಿ ತೆಗೆಯದೆ ನಾಲ್ಕು ಸುತ್ತು ಉಳಿಸಿ. ಇಷ್ಟು ವರ್ಷ ಕಚ್ಚಿಕೊಂಡಿದ್ದ ವೀಲ್ ಒಮ್ಮೆಲೇ ಕಿತ್ತು ಬಂದರೆ ಮುಖಕ್ಕೇ ಬಡಿಯುತ್ತದೆ. ಆ ನಟ್ಟು ಅದನ್ನು ತಡೆಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ವೀಲ್ ಎಳೆದು ತೆಗೆಯುವ ಉಪಕರಣವಾದ ಪುಲ್ಲರ್‌ನಿಂದಲೇ ಎಳೆಯಿರಿ. ಶಾಫ್ಟಿನ ತಲೆಗೆ ಸುತ್ತಿಗೆಯಿಂದ ಹೊಡೆಯಲು ಯಾವ ಮೆಕ್ಯಾನಿಕ್‌ಗೂ ಬಿಡಬೇಡಿ. ನಟ್ಟು ಕೂರುವ ತಿರುಪಿನ ಸುತ್ತುಗಳು ಹಾಳಾಗುತ್ತವೆ, ಪೆಟ್ಟು ಕೆಳಗಿನ ಸ್ಟೀರಿಂಗ್ ಬಾಕ್ಸಿನ ಬೇರಿಂಗ್‌ವರೆಗೂ ಹೋಗುತ್ತದೆ.

ಜೋಡಿಸುವುದು ಸುಲಭ. ಆರು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಹಾರ್ನ್ ತಂತಿ ಹಬ್ ಒಳಗೆ ಎಲ್ಲೂ ಉಜ್ಜಬಾರದು, ಉಜ್ಜಿದರೆ ತಿರುವಿನಲ್ಲೆಲ್ಲ ಹಾರ್ನ್ ತಾನಾಗಿ ಕೂಗುತ್ತದೆ. ರಸ್ತೆಗಿಳಿಯುವ ಮೊದಲು ಎಡದ ಕೊನೆಯಿಂದ ಬಲದ ಕೊನೆಯವರೆಗೆ ತಿರುಗಿಸಿ, ಇಂಡಿಕೇಟರ್ ತಾನಾಗಿ ಆರುತ್ತದೆಯೇ ಪರೀಕ್ಷಿಸಿ. ವಾರದ ನಂತರ ನಡುವಿನ ನಟ್ಟಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.

ಅಗ್ಗದ ನಕಲಿ ವೀಲ್ ಬಗ್ಗೆ ನನಗೆ ನಿಜಕ್ಕೂ ಭಯವಿದೆ. ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ತಳ್ಳಿ, ನಿಮ್ಮತ್ತ ಎಳೆಯಿರಿ. ಕಡ್ಡಿ ಬಳುಕಿದರೆ ಅದರ ಮೇಲೆ ಯಾರ ಹೆಸರು ಅಚ್ಚಾಗಿದ್ದರೂ ಬೇಡ.

ಇನ್ನು, ಸ್ಟೀರಿಂಗ್ ‘ಸಡಿಲ ಅನಿಸುತ್ತದೆ’ ಎಂದೂ ಬರೆದಿದ್ದೀರಿ. ಅದನ್ನು ಹೊಸ ವೀಲ್ ಸರಿಮಾಡದು. ಚಕ್ರಗಳಿಗೆ ತಿರುವು ತಲುಪಿಸುವ ಕೀಲುಗಳಾದ ಟೈ ರಾಡ್ ಎಂಡ್‌ಗಳು, ಐಡ್ಲರ್ ಆರ್ಮ್ ಬುಷ್, ಸ್ಟೀರಿಂಗ್ ಬಾಕ್ಸಿನ ಸವೆತ, ಟೈರಿನ ಗಾಳಿ ಇವನ್ನು ಮೊದಲು ನೋಡಿಸಿ.

ಬಿರುಕು ಬರೀ ಮೇಲಿನ ಪ್ಲಾಸ್ಟಿಕ್ಕಿನದಾಗಿದ್ದು ಒಳಗಿನ ಲೋಹದ ಚೌಕಟ್ಟು ಗಟ್ಟಿಯಾಗಿದ್ದರೆ, ನಾನಾದರೆ ಬಿರುಕನ್ನು ಅಗಲ ಮಾಡಿ ಎಪಾಕ್ಸಿ ತುಂಬಿ, ಉಜ್ಜಿ, ಬಣ್ಣ ಹೊಡೆದು ಅದನ್ನೇ ಇಟ್ಟುಕೊಳ್ಳುತ್ತಿದ್ದೆ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಿಮ್ಮದಕ್ಕೆ 2036ರಲ್ಲಿ 50 ತುಂಬುತ್ತದೆ. ಹೊಸ ವೀಲ್ ಹಾಕಿದರೂ ಹಳೆಯದನ್ನು, ಅದರ ನಟ್ಟು ಮತ್ತು ಹಾರ್ನ್ ಗುಂಡಿ ಸಮೇತ, ಬಟ್ಟೆಯಲ್ಲಿ ಸುತ್ತಿ ಬಿಸಿಲು ತಾಗದ ಕಡೆ ಇಡಿ.

ಬಿರುಕಿನ ಹತ್ತಿರದ ಫೋಟೊ ಮತ್ತು ಈಗಿನ ವೀಲಿನ ವ್ಯಾಸ ಕಳುಹಿಸಿ. ರಿಪೇರಿ ಸಾಕೇ, ಬದಲಿಸಲೇಬೇಕೇ ಎಂದು ನೋಡಿ ಹೇಳುತ್ತೇನೆ.