ಗುಣಮಟ್ಟದ ಆಡಿಟ್: ನೀವು ಕೇಳಿದ್ದು, ನಾವು ಹೇಳುವುದು

ಅಂಗವೈಕಲ್ಯ ಇರುವವರಿಗೆ ಸೇವೆ ಕೊಡುವ ಸಂಸ್ಥೆಗಳಲ್ಲಿ ಕೆಲಸ ಮಾಡುವ ಓದುಗರು ಗುಣಮಟ್ಟದ ಆಡಿಟ್ ಬಗ್ಗೆ ಹಲವು ಪ್ರಶ್ನೆ ಕಳಿಸಿದ್ದಾರೆ. ಐದನ್ನು ಆರಿಸಿ ಉತ್ತರಿಸಿದ್ದೇವೆ.

ಪ್ರ: ಹದಿನಾಲ್ಕು ಮಂದಿ ವಾಸವಿರುವ ಮನೆ ನಮ್ಮದು. ಇನ್ನು ಹತ್ತು ವಾರಕ್ಕೆ ಆಡಿಟ್. ನೀತಿ ನಿಯಮಗಳ ಫೈಲುಗಳೆಲ್ಲ ಸಿದ್ಧವಾಗಿವೆ. ಮುಂದಿನ ತಯಾರಿ ಎಲ್ಲಿಂದ ಶುರು ಮಾಡಬೇಕು?
— ವಸತಿ ಕೇಂದ್ರದ ಮೇಲ್ವಿಚಾರಕಿ

ಉ: ನೀತಿಯ ಫೈಲುಗಳು ಸದ್ಯಕ್ಕೆ ಕಪಾಟಿನಲ್ಲೇ ಇರಲಿ. ಆಡಿಟರ್ ಸಾಮಾನ್ಯವಾಗಿ ಅವನ್ನು ಮೊದಲೇ ತರಿಸಿಕೊಂಡು ಓದಿರುತ್ತಾರೆ. ಮನೆಗೆ ಬಂದ ಮೇಲೆ ಅವರು ಯಾರಾದರೊಬ್ಬರ ಹೆಸರು ಹಿಡಿದು, ಆ ಒಬ್ಬರ ವಿಷಯದಲ್ಲಿ ಫೈಲು, ಕೋಣೆ, ಸಿಬ್ಬಂದಿಯ ಮಾತು ಮೂರೂ ಹೊಂದುತ್ತವೆಯೇ ಎಂದು ನೋಡುತ್ತಾರೆ. ನೀವೂ ಈಗ ಅದನ್ನೇ ಮಾಡಿ. ಮೂವರನ್ನು ಆರಿಸಿಕೊಳ್ಳಿ: ಹೆಚ್ಚು ಆರೈಕೆ ಬೇಕಾದವರು, ಈಚೆಗೆ ಬಂದು ಸೇರಿದವರು, ಕಳೆದ ಆರು ತಿಂಗಳಲ್ಲಿ ಏನಾದರೂ ಅವಘಡಕ್ಕೆ ಒಳಗಾದವರು.

ನುಂಗಲು ಕಷ್ಟವಿರುವ ಒಬ್ಬರ ಫೈಲನ್ನೇ ತೆಗೆದುಕೊಳ್ಳಿ. ತಜ್ಞರ ಪತ್ರದಲ್ಲಿ ‘5ನೇ ಹಂತದ ಆಹಾರ’ ಎಂದಿದೆ ಅನ್ನೋಣ. ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಆಹಾರ, ಪಾನೀಯಗಳಿಗೆ 0ಯಿಂದ 7ರವರೆಗೆ ಹಂತಗಳಿವೆ. ದೊಡ್ಡವರಿಗೆ 5ನೇ ಹಂತವೆಂದರೆ ತುಣುಕಿನ ಅಗಲ 4 ಮಿಲಿಮೀಟರ್ ಮೀರಬಾರದು, ಆಹಾರ ತೇವವಾಗಿರಬೇಕು, ನೀರು ಬೇರೆಯಾಗಿ ಸೋರಬಾರದು. ಸಾಮಾನ್ಯ ಫೋರ್ಕಿನ ಹಲ್ಲುಗಳ ನಡುವಿನ ಸಂದು ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಅಡುಗೆಯವರು ಅದರಿಂದಲೇ ಅಳೆಯಬಹುದು. ಈಗ ಆ ಪತ್ರದ ಜಾಡು ಹಿಡಿದು ಹೊರಡಿ. ಆರೈಕೆ ಯೋಜನೆಯಲ್ಲಿ ‘5ನೇ ಹಂತ’ ಎಂದೇ ಇದೆಯೇ, ‘ಮೆತ್ತಗಿನ ಊಟ’ ಎಂದು ಸಡಿಲವಾಗಿ ಬರೆದಿದೆಯೇ? ಅಡುಗೆಮನೆಯ ಗೋಡೆಯ ಮೇಲಿನ ಚಾರ್ಟ್ ಯಾವ ತಾರೀಖಿನದು? ಊಟ ಮಾಡಿಸುವವರಿಗೆ ಈ ವಿಷಯದಲ್ಲಿ ತರಬೇತಿ ಆಗಿದೆಯೇ? ದಿನಚರಿ ಪುಸ್ತಕದಲ್ಲಿ ‘ಊಟ ಆಯಿತು’ ಎಂದಷ್ಟೇ ಇದೆಯೇ, ಎಷ್ಟು ತಿಂದರು, ಕೆಮ್ಮು ಬಂತೇ, ನೇರವಾಗಿ ಕೂರಿಸಿತ್ತೇ ಎಂಬುದೂ ಇದೆಯೇ?

ಎಳೆ ಹೆಚ್ಚಾಗಿ ತುಂಡಾಗುವುದು ಅಡುಗೆಮನೆಯಲ್ಲಿ. ಹೊಸ ಪತ್ರ ಕಚೇರಿಯ ಫೈಲಿಗೆ ಸೇರಿರುತ್ತದೆ, ಹಳೆಯ ಚಾರ್ಟ್ ಗೋಡೆಯಲ್ಲೇ ಉಳಿದಿರುತ್ತದೆ. ರಜೆಯ ಮೇಲಿದ್ದವರ ಬದಲಿಗೆ ಬಂದ ಸಿಬ್ಬಂದಿ ಗೋಡೆಯನ್ನು ನೋಡಿಯೇ ಬಡಿಸುತ್ತಾರೆ. ಆಡಿಟರ್ ಪ್ರಶ್ನೆ ಕೇಳುವುದೂ ಬಹುಪಾಲು ಅಂಥ ಬದಲಿ ಸಿಬ್ಬಂದಿಯನ್ನೇ. ಇದು ಉಸಿರುಗಟ್ಟುವ ಅಪಾಯದ ವಿಷಯ, ಆಡಿಟ್ ಇಲ್ಲದಿದ್ದರೂ ಇಂದೇ ಸರಿಪಡಿಸಬೇಕಾದದ್ದು.

ಒಬ್ಬರ ಫೈಲಿನಲ್ಲಿ ಸಿಕ್ಕ ಕೊರತೆಯನ್ನು ಹದಿನಾಲ್ಕೂ ಫೈಲುಗಳಲ್ಲಿ ಹುಡುಕಿ. ಮೊದಲ ನಾಲ್ಕು ವಾರ ಹೀಗೆ ಜಾಡು ಹಿಡಿಯಲು, ನಂತರದ ನಾಲ್ಕು ವಾರ ಸರಿಪಡಿಸಲು ಇಟ್ಟುಕೊಳ್ಳಿ. ಕೊನೆಯ ಎರಡು ವಾರದಲ್ಲಿ ಹೊಸ ನಮೂನೆ, ಹೊಸ ನೀತಿ ಯಾವುದನ್ನೂ ತರಬೇಡಿ. ಸಿಬ್ಬಂದಿಗೆ ಅದು ರೂಢಿಯಾಗಿರುವುದಿಲ್ಲ, ಕೇಳಿದಾಗ ತಡವರಿಸುತ್ತಾರೆ.

ಪ್ರ: ಔಷಧಿ ಚಾರ್ಟಿನಲ್ಲಿ ಅಲ್ಲಲ್ಲಿ ಸಹಿ ಇಲ್ಲದ ಖಾಲಿ ಚೌಕಗಳಿವೆ. ಆಯಾ ಪಾಳಿಯವರನ್ನು ಕರೆಸಿ ಈಗ ಸಹಿ ಹಾಕಿಸಬಹುದೇ?
— ಪಾಳಿ ಉಸ್ತುವಾರಿ

ಉ: ಖಂಡಿತ ಬೇಡ. ಹಿಂದಿನ ತಾರೀಖಿಗೆ ಈಗ ಸಹಿ ಹಾಕಿದರೆ ಅದು ಸುಳ್ಳು ದಾಖಲೆ. ಖಾಲಿ ಚೌಕ ಒಂದು ಲೋಪವಷ್ಟೇ; ಸುಳ್ಳು ಸಹಿ ನಿಮ್ಮ ಉಳಿದೆಲ್ಲ ದಾಖಲೆಗಳ ಮೇಲಿನ ನಂಬಿಕೆಯನ್ನೇ ಕೆಡಿಸುತ್ತದೆ.

ಮೊದಲು ಮಾತ್ರೆ ಎಣಿಸಿ. ದಿನಕ್ಕೆ ಎರಡರಂತೆ ಕೊಡುವ ಮಾತ್ರೆ 56 ಇತ್ತು, ಹತ್ತು ದಿನ ಕಳೆದಿದೆ ಅನ್ನಿ. 36 ಉಳಿದಿರಬೇಕು. 36 ಇದ್ದರೆ ಮಾತ್ರೆ ಕೊಟ್ಟು ಸಹಿ ಮರೆತಿರುವ ಸಾಧ್ಯತೆಯೇ ಹೆಚ್ಚು. 37 ಇದ್ದರೆ ಒಂದು ಹೊತ್ತಿನದು ತಪ್ಪಿದೆ. ಅಪಸ್ಮಾರದ ಔಷಧಿಯಾಗಿದ್ದರೆ ಒಂದು ತಪ್ಪಿದರೂ ಸೆಳೆತ ಬರಬಹುದು, ಆದ್ದರಿಂದ ವೈದ್ಯರಿಗೆ ತಕ್ಷಣ ತಿಳಿಸಿ. ಎರಡೂ ಸಂದರ್ಭಗಳಲ್ಲಿ ಇಂದಿನ ತಾರೀಖು, ವೇಳೆ ಹಾಕಿ ‘ಇಂಥ ದಿನದ ಚೌಕ ಖಾಲಿ ಇತ್ತು, ಎಣಿಕೆಯಲ್ಲಿ ಇಷ್ಟು ಸಿಕ್ಕಿತು, ಇವರಿಗೆ ತಿಳಿಸಿದೆವು’ ಎಂದು ಬರೆದು ಘಟನೆ ರಿಜಿಸ್ಟರಿಗೆ ಸೇರಿಸಿ. ಖಾಲಿ ಚೌಕಗಳು ಒಂದೇ ಹೊತ್ತಿಗೆ ಬೀಳುತ್ತಿವೆಯೇ ಎಂದೂ ನೋಡಿ. ಪಾಳಿ ಬದಲಾಗುವ ಹೊತ್ತಿನಲ್ಲೇ ಔಷಧಿ ಕೊಡುವ ಸಮಯವಿದ್ದರೆ ಇವರು ಕೊಟ್ಟರೆಂದು ಅವರು, ಅವರು ಕೊಟ್ಟರೆಂದು ಇವರು ಅಂದುಕೊಳ್ಳುತ್ತಾರೆ. ವೈದ್ಯರನ್ನು ಕೇಳಿ ಅರ್ಧ ಗಂಟೆ ಹಿಂದೆ ಮುಂದೆ ಮಾಡಿಕೊಂಡರೆ ಎಷ್ಟೋ ಸಲ ಅಷ್ಟಕ್ಕೇ ಪರಿಹಾರವಾಗುತ್ತದೆ.

ಬೇಕೆನಿಸಿದಾಗ ಕೊಡುವ ಔಷಧಿಗೆ ಬರೀ ಸಹಿ ಸಾಲದು. ಏಕೆ ಕೊಟ್ಟಿರಿ, ಎಷ್ಟು ಗಂಟೆಗೆ, ಎಷ್ಟು, ಆಮೇಲೆ ನೋವು ಇಳಿಯಿತೇ ಎಂಬ ನಾಲ್ಕೂ ಬೇಕು. ಔಷಧಿಯ ಫ್ರಿಜ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಉಷ್ಣಾಂಶ ಬರೆಯುವವರಿಗೆ, ಅಂಕಿ ಆಚೀಚೆ ಹೋದರೆ ಏನು ಮಾಡಬೇಕು ಎಂಬುದೂ ಗೊತ್ತಿರಲಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಸುವಂತಿಲ್ಲ.

ಪ್ರ: ಕಳೆದ ವರ್ಷ ನಮ್ಮಲ್ಲಿ ಒಂದು ದೂರೂ ದಾಖಲಾಗಿಲ್ಲ. ಇದನ್ನು ಆಡಿಟರಿಗೆ ಮುಂದಿಟ್ಟು ತೋರಿಸಬಹುದಲ್ಲವೇ?
— ಹಗಲು ಆರೈಕೆ ಕೇಂದ್ರದ ವ್ಯವಸ್ಥಾಪಕ

ಉ: ತೋರಿಸಿದರೆ ಅವರ ಮುಂದಿನ ಪ್ರಶ್ನೆ, ‘ಇಲ್ಲಿ ದೂರು ಕೊಡುವುದು ಹೇಗೆ ಎಂದು ಯಾರಿಗೆ ಗೊತ್ತಿದೆ?’ ಎಂಬುದೇ. ಅಂಗಿ ಬದಲಾಯಿತು, ವ್ಯಾನ್ ತಡವಾಯಿತು ಎಂದು ಮನೆಯವರು ಫೋನಿನಲ್ಲಿ ಹೇಳಿದ್ದೂ ದೂರೇ. ಯಾರು, ಏನು ಹೇಳಿದರು, ಏನು ಮಾಡಿದಿರಿ, ಅದನ್ನು ಅವರಿಗೆ ಯಾವತ್ತು ತಿಳಿಸಿದಿರಿ ಎಂದು ಬರೆಯಿರಿ. ಕೊನೆಯದನ್ನೇ ಹೆಚ್ಚಿನವರು ಬಿಟ್ಟಿರುತ್ತಾರೆ. ಓದಲು ಬಾರದವರಿಗೆ ಚಿತ್ರದ ಕಾರ್ಡ್ ಇಡಿ, ದಿನವೂ ಆರೈಕೆ ಮಾಡುವವರನ್ನು ಬಿಟ್ಟು ಬೇರೊಬ್ಬರು ಆಗಾಗ ಬಂದು ಕೇಳಲಿ.

ಪ್ರ: ಮಾತು ಬಾರದವರನ್ನೂ ಆಡಿಟರ್ ಭೇಟಿ ಮಾಡುತ್ತಾರಂತೆ. ಅವರನ್ನು ಹೇಗೆ ಸಿದ್ಧಗೊಳಿಸಬೇಕು? ಇನ್ನೊಂದು ಮಾತು: ರಾತ್ರಿ ಫ್ರಿಜ್‌ಗೆ ಬೀಗ ಹಾಕುತ್ತೇವೆ, ಒಬ್ಬರಿಗೆ ಅತಿಯಾಗಿ ತಿನ್ನುವ ತೊಂದರೆಯಿದೆ. ಇದು ಸುರಕ್ಷತೆಗಾಗಿಯೇ ಅಲ್ಲವೇ?
— ಆರೈಕೆ ಸಹಾಯಕಿ

ಉ: ಅವರಿಗೆ ಉತ್ತರ ಕಲಿಸಬೇಡಿ. ಬರುವವರು ಯಾರು, ಯಾಕೆ ಬರುತ್ತಾರೆ ಎಂದು ಅವರಿಗೆ ತಿಳಿಯುವ ರೀತಿಯಲ್ಲಿ ಮೊದಲೇ ಹೇಳಿ, ಒಪ್ಪಿಗೆ ಕೇಳಿ, ಬೇಡವೆಂದರೆ ಬೇಡ. ಸಿದ್ಧವಾಗಬೇಕಾದವರು ನೀವು. ಪ್ರತಿಯೊಬ್ಬರ ಬಗ್ಗೆ ಒಂದು ಪುಟ ಬರೆದಿಡಿ: ‘ಹೌದು’ ಎನ್ನಲು ಕಣ್ಣು ಮೇಲೆತ್ತುತ್ತಾರೆ, ಎಡಗಡೆಯಿಂದ ಮಾತಾಡಿದರೆ ಕೇಳಿಸುತ್ತದೆ, ಊಟದ ಮುಂಚೆ ಚುರುಕಾಗಿರುತ್ತಾರೆ, ಉತ್ತರಕ್ಕೆ ಹತ್ತು ಸೆಕೆಂಡಾದರೂ ಕಾಯಬೇಕು. ಶ್ರವಣ ಸಾಧನದ ಬ್ಯಾಟರಿ, ಮಾತಾಡಲು ಬಳಸುವ ಟ್ಯಾಬ್ಲೆಟ್‌ನ ಚಾರ್ಜ್ ಅಂದು ಬೆಳಿಗ್ಗೆಯೇ ನೋಡಿ.

ಬೀಗದ ವಿಷಯ. ಉದ್ದೇಶ ಒಳ್ಳೆಯದೇ ಇರಬಹುದು, ಆದರೂ ಅದು ನಿರ್ಬಂಧ. ಒಬ್ಬರಿಗಾಗಿ ಹಾಕಿದ ಬೀಗ ಮನೆಯಲ್ಲಿರುವ ಉಳಿದ ಎಲ್ಲರ ಕೈಯನ್ನೂ ಕಟ್ಟುತ್ತದೆ. ಏಳಲು ಬಿಡದ ಮಂಚದ ಕಟಕಟೆ, ಕಾಯಿಲೆಗಲ್ಲದೆ ವರ್ತನೆ ಹತೋಟಿಗೆಂದೇ ಕೊಡುವ ನಿದ್ದೆ ಬರಿಸುವ ಮಾತ್ರೆ ಕೂಡ ಇದೇ ಸಾಲಿಗೆ ಸೇರುತ್ತವೆ. ಅಂಗವೈಕಲ್ಯ ಇರುವವರ ಹಕ್ಕುಗಳ ಕುರಿತು 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಡಂಬಡಿಕೆಯ 16ನೇ ವಿಧಿ, ಇವರಿಗಾಗಿ ಇರುವ ಎಲ್ಲ ಸೇವಾಕೇಂದ್ರಗಳ ಮೇಲೆ ಸ್ವತಂತ್ರ ಪ್ರಾಧಿಕಾರಗಳು ಕಣ್ಣಿಡಬೇಕು ಎನ್ನುತ್ತದೆ. ಶೋಷಣೆ, ಹಿಂಸೆ, ದೌರ್ಜನ್ಯ ತಡೆಯುವುದು ಅದರ ಗುರಿ. ಆದ್ದರಿಂದ ಆಡಿಟರ್ ಬೀಗ ಕಂಡರೆ ಕೇಳಿಯೇ ಕೇಳುತ್ತಾರೆ: ಅಪಾಯವೇನು, ಬೀಗಕ್ಕೆ ಮುಂಚೆ ಬೇರೇನು ಮಾಡಿ ನೋಡಿದಿರಿ, ಒಪ್ಪಿಗೆ ಯಾರದು, ಮತ್ತೆ ಪರಿಶೀಲಿಸುವ ದಿನ ಯಾವುದು, ತೆಗೆಯುವ ಯೋಜನೆ ಏನು, ಉಳಿದವರು ರಾತ್ರಿ ಹಸಿವಾದರೆ ಏನು ಮಾಡುತ್ತಾರೆ? ಇವಕ್ಕೆ ಲಿಖಿತ ಉತ್ತರ ಇಲ್ಲದಿದ್ದರೆ ಆಡಿಟ್‌ವರೆಗೆ ಕಾಯದೆ ತಜ್ಞರನ್ನೂ ಅವರ ಮನೆಯವರನ್ನೂ ಕೂರಿಸಿಕೊಂಡು ಚರ್ಚಿಸಿ, ಮುಖ್ಯವಾಗಿ ಆ ವ್ಯಕ್ತಿಯನ್ನೇ. ಆಡಿಟ್ ದಿನ ಬೀಗ ತೆಗೆದು ಮರುದಿನ ಹಾಕುವ ಯೋಚನೆಯಂತೂ ಬೇಡವೇ ಬೇಡ.

ಪ್ರ: ಆಡಿಟ್ ಮುಗಿದಿದೆ. ರಾತ್ರಿ ಹೊತ್ತು ಅಗ್ನಿ ಅಣಕು ತಾಲೀಮು ನಡೆದೇ ಇಲ್ಲ ಎಂದು ಒಂದು ಲೋಪ ಬರೆದಿದ್ದಾರೆ. ‘ಸಿಬ್ಬಂದಿಗೆ ತರಬೇತಿ ನೀಡಲಾಗುವುದು’ ಎಂದು ನಾವು ಕೊಟ್ಟ ಉತ್ತರ ತಿರಸ್ಕೃತವಾಗಿದೆ. ತಪ್ಪೇನು?
— ಆಡಳಿತ ವಿಭಾಗದ ಸಿಬ್ಬಂದಿ

ಉ: ಕಾರಣ ಹುಡುಕದೆ ಔಷಧಿ ಬರೆದಿದ್ದೀರಿ. ತಾಲೀಮು ಯಾಕೆ ನಡೆಯಲಿಲ್ಲ? ಹಗಲಿನ ಮೇಲ್ವಿಚಾರಕರಿಗೇ ಅದರ ಹೊಣೆ ಇತ್ತು, ರಾತ್ರಿ ಅವರು ಇರುವುದಿಲ್ಲ. ಹೊಣೆ ಹಾಗೆ ಹಂಚಿದ್ದು ಯಾಕೆ? ವೇಳಾಪಟ್ಟಿ ಮಾಡಿದಾಗ ರಾತ್ರಿ ಪಾಳಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹೀಗೇನಾದರೂ ಇದ್ದರೆ ತರಬೇತಿಯಿಂದ ಏನೂ ಬದಲಾಗುವುದಿಲ್ಲ, ವೇಳಾಪಟ್ಟಿಯೇ ಬದಲಾಗಬೇಕು.

ಉತ್ತರದಲ್ಲಿ ಮೂರು ಭಾಗ ಬೇರೆ ಬೇರೆ ಇರಲಿ. ಈ ಲೋಪಕ್ಕೆ ತಕ್ಷಣ ಮಾಡಿದ್ದು: ರಾತ್ರಿ ತಾಲೀಮು ನಡೆಸಿದ ತಾರೀಖು, ಇದ್ದ ಸಿಬ್ಬಂದಿ ಎಷ್ಟು, ಎಲ್ಲರೂ ಹೊರಬರಲು ಹಿಡಿದ ನಿಮಿಷ, ಎಲ್ಲಿ ತಡವಾಯಿತು. ಮೂಲ ಕಾರಣ: ಮೇಲೆ ಹೇಳಿದಂತೆ. ಮತ್ತೆ ಆಗದಂತೆ ಮಾಡಿದ ಬದಲಾವಣೆ: ಯಾರ ಹೊಣೆ, ಯಾವಾಗಿನಿಂದ, ಸರಿಹೋಗಿದೆಯೇ ಎಂದು ಯಾರು, ಯಾವತ್ತು ಪರೀಕ್ಷಿಸುತ್ತಾರೆ. ‘ಮಾಡಲಾಗುವುದು’ ಎಂಬ ಕಡೆಯಲ್ಲೆಲ್ಲ ಹೆಸರು, ತಾರೀಖು ಬರಲಿ. ತಾಲೀಮಿನ ವರದಿ, ಹೊಸ ವೇಳಾಪಟ್ಟಿಯ ಪ್ರತಿ ಲಗತ್ತಿಸಿ. ಗಾಲಿಕುರ್ಚಿ ಬಳಸುವವರನ್ನೂ ಹಾಸಿಗೆಯಿಂದ ಏಳಲಾಗದವರನ್ನೂ ರಾತ್ರಿ ಪಾಳಿಯ ಇಷ್ಟೇ ಮಂದಿ ಹೊರತರಬಲ್ಲರೇ ಎಂಬುದು ತಾಲೀಮಿನಲ್ಲಿ ಗೊತ್ತಾಗುತ್ತದೆ. ಆಗದಿದ್ದರೆ ಪಾಳಿಗೆ ಇನ್ನೊಬ್ಬರನ್ನು ಸೇರಿಸುವ ನಿರ್ಧಾರವೂ ಅದೇ ಉತ್ತರದಲ್ಲಿ ಹೋಗಬೇಕು.