ಡ್ರ್ಯಾಗ್ ಕಾರಿನ ಬೆನ್ನಿಗೆ ಬಿದ್ದವರಿಗೆ

ಈ ಸಲದ ಪತ್ರಗಳಲ್ಲಿ ಎಂಜಿನ್ ಬಗ್ಗೆ ಕೇಳಿದವರು ಒಬ್ಬರೂ ಇಲ್ಲ. ನನಗಂತೂ ಸಮಾಧಾನ. ಎಲ್ಲರ ಕಣ್ಣೂ ಹಿಂದಿನ ಆಕ್ಸಲ್ ಮೇಲೆ ಬಿದ್ದಿದೆ, ಬೀಳಬೇಕಾದದ್ದೂ ಅಲ್ಲೇ. ಡ್ರ್ಯಾಗ್ ರೇಸಿನ 402 ಮೀಟರ್ (ಕಾಲು ಮೈಲಿ) ನೇರ ಓಟದಲ್ಲಿ ಗಾಡಿಯನ್ನು ಮುಂದಕ್ಕೆ ನೂಕುವುದು ಅದು. ಮುಂದೆ ಸಣಕಲು ಟಯರ್ ಹಾಕಿಕೊಂಡಿರುವ ಗಾಡಿಯಲ್ಲಿ ನಿಲ್ಲಿಸುವ ಹೊಣೆಯೂ ಮಾಮೂಲಿ ಕಾರಿಗಿಂತ ಹೆಚ್ಚಾಗಿ ಅದರ ತಲೆಗೇ ಬರುತ್ತದೆ.

ಪ್ರಶ್ನೆ: ನನ್ನದು ಫೋರ್-ಲಿಂಕ್ ಗಾಡಿ (ಹಿಂದಿನ ಆಕ್ಸಲನ್ನು ನಾಲ್ಕು ಬಾರ್‌ಗಳು ಹಿಡಿದಿರುತ್ತವೆ), ಹಿಂದೆ ಎರಡೂ ಚಕ್ರಗಳನ್ನು ಒಂದಾಗಿ ಬೆಸೆಯುವ ಸ್ಪೂಲ್ ಇದೆ. ಲಾಂಚ್ ಆದ ತಕ್ಷಣ, ಅಂದರೆ ಗಾಡಿ ಗೆರೆಯಿಂದ ಜಿಗಿದ ಕೂಡಲೇ, ಬಲಕ್ಕೆ ಎಳೆಯುತ್ತದೆ. ಹೊಸ ಶಾಕ್ ಅಬ್ಸಾರ್ಬರ್ ಹಾಕಿದೆ, ಅದರ ತಿರುಪುಗಳನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದೆ, ಏನೂ ಬದಲಾಗಲಿಲ್ಲ. ಪ್ರೀಲೋಡ್ (ಒಂದು ಚಕ್ರಕ್ಕೆ ಮೊದಲೇ ಹೊರಿಸಿಡುವ ಭಾರ) ಕೊಡಬೇಕು ಅನ್ನುತ್ತಾರೆ. ಎಷ್ಟು ಕೊಡಲಿ?

ಉತ್ತರ: ಎಷ್ಟು ಅನ್ನುವುದು ಆಮೇಲಿನ ಮಾತು. ಸವೆದ ಗಾಡಿಗೆ ಅಡ್ಜಸ್ಟ್‌ಮೆಂಟ್ ಮಾಡಿ ಪ್ರಯೋಜನವಿಲ್ಲ. ಇವತ್ತು ಸರಿಹೋದಂತೆ ಕಂಡರೂ ಮುಂದಿನ ಓಟದಲ್ಲಿ ಅದೇ ಸವೆತ ಇನ್ನೊಂದು ಕಡೆಗೆ ವಾಲಿಕೊಂಡು ನಿಂತಿರುತ್ತದೆ. ಆದ್ದರಿಂದ ಮೊದಲು ಪ್ಲೇ, ಅಂದರೆ ಸಡಿಲ, ಎಲ್ಲಿದೆ ಹುಡುಕಿ.

ಗಾಡಿಯ ಭಾರ ಚಕ್ರಗಳ ಮೇಲೇ ಇರಬೇಕು. ಜಾಕ್ ಕೊಟ್ಟು ಎತ್ತಿ ಚಕ್ರ ತೂಗಾಡುತ್ತಿದ್ದರೆ ಬಾರ್‌ಗಳ ತುದಿಯ ಕೀಲಿನ, ಅಂದರೆ ರಾಡ್ ಎಂಡ್‌ನ, ಸಡಿಲ ಎಷ್ಟೋ ಸಲ ಕಾಣುವುದೇ ಇಲ್ಲ. ಒಬ್ಬರು ಗಾಡಿಯನ್ನು ಹಿಂದೆ ಮುಂದೆ ಜಗ್ಗಲಿ, ನೀವು ಒಂದೊಂದೇ ರಾಡ್ ಎಂಡ್ ಮೇಲೆ ಬೆರಳಿಟ್ಟು ಕೂತುಕೊಳ್ಳಿ. ಬಾಲ್ ತನ್ನ ಗೂಡಿನೊಳಗೆ ಟಕ್ ಅಂದರೆ ಕಿವಿಗೆ ಕೇಳುವ ಮೊದಲೇ ಬೆರಳಿಗೆ ಗೊತ್ತಾಗುತ್ತದೆ. ಬೋಲ್ಟ್ ತೂರುವ ತೂತುಗಳನ್ನೂ ನೋಡಿ. ಗುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಬೋಲ್ಟ್ ಎಷ್ಟು ಬಿಗಿ ಮಾಡಿದರೂ ಬಾರ್ ಜಾರುತ್ತದೆ. ಬ್ರ್ಯಾಕೆಟ್ ಹೌಸಿಂಗಿಗೆ (ಆಕ್ಸಲಿನ ಹೊರ ಕವಚಕ್ಕೆ) ಕೂಡುವ ವೆಲ್ಡಿಂಗ್ ಅಂಚನ್ನು ಚೆನ್ನಾಗಿ ಒರೆಸಿ, ಬೆಳಕನ್ನು ಅಡ್ಡಡ್ಡ ಬೀಳುವಂತೆ ಹಿಡಿಯಿರಿ. ಕೂದಲೆಳೆಯಷ್ಟು ಗೆರೆ, ಗೆರೆಯ ಉದ್ದಕ್ಕೂ ತುಕ್ಕಿನ ಬಣ್ಣದ ನಯವಾದ ಪುಡಿ ಕಂಡರೆ ಅದು ಬಿರುಕು. ಗೆರೆಯೋ ಗೀರೋ ಎಂಬ ಅನುಮಾನವಿದ್ದರೆ ಡೈ ಪೆನೆಟ್ರೆಂಟ್ ಹೊಡೆದು ನೋಡಿ. ಕೆಂಪು ದ್ರವ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿದರೆ ಬಿರುಕು ತಾನೇ ಕೆಂಪಗೆ ಎದ್ದು ಬರುತ್ತದೆ.

ಇದಾದ ಮೇಲೆ ಅಳತೆ. ಮಟ್ಟಸ ನೆಲದ ಮೇಲೆ ಗಾಡಿ ನಿಲ್ಲಿಸಿ, ನಾಲ್ಕೂ ಚಕ್ರಗಳ ನಡುವಿಂದ ತೂಕದ ಗುಂಡು ಇಳಿಬಿಟ್ಟು ನೆಲದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಎಡಗಡೆಯ ಮುಂದಿನ-ಹಿಂದಿನ ಗುರುತಿನ ಅಂತರ ಬಲಗಡೆಯ ಅಂತರಕ್ಕೆ ಸಮ ಇರಬೇಕು. ಕೆಲವು ಮಿಲಿಮೀಟರ್ ವ್ಯತ್ಯಾಸವಿದ್ದರೂ ಆಕ್ಸಲ್ ಸೊಟ್ಟಗೆ ಕೂತಿದೆ ಅಂತಲೇ ಅರ್ಥ. ಆಮೇಲೆ ಟಯರ್. ಎರಡೂ ಸ್ಲಿಕ್‌ಗಳಿಗೆ (ಹಿಂದಿನ ನುಣುಪು ರೇಸ್ ಟಯರ್‌ಗಳಿಗೆ) ಒಂದೇ ಗಾಳಿ ತುಂಬಿ ಸುತ್ತಳತೆಯನ್ನು ಟೇಪಿನಲ್ಲಿ ಅಳೆಯಿರಿ. ನಿಮ್ಮದು ಸ್ಪೂಲ್, ಎರಡು ಚಕ್ರವೂ ಒಂದೇ ವೇಗದಲ್ಲಿ ಸುತ್ತಲೇಬೇಕು. ಆಗ ದೊಡ್ಡ ಟಯರ್ ಹೆಚ್ಚು ದೂರ ಹೋಗುತ್ತದೆ, ಗಾಡಿ ಚಿಕ್ಕ ಟಯರಿನ ಕಡೆಗೆ ತಿರುಗುತ್ತದೆ. ಒಂದೇ ಸೈಜ್ ಅಂತ ಬರೆದಿರುವ ಜೊತೆಯಲ್ಲೂ ಈ ವ್ಯತ್ಯಾಸ ಇರುವುದುಂಟು. ಟಯರಿನ ಬದಿಯಲ್ಲಿ ಅಚ್ಚಾದದ್ದನ್ನು ನಂಬಬೇಡಿ, ಟೇಪನ್ನು ನಂಬಿ.

ಇಷ್ಟೂ ಸರಿಯಿದ್ದು ಇನ್ನೂ ಬಲಕ್ಕೆ ಎಳೆದರೆ ಆಗ ಪ್ರೀಲೋಡ್. ಕಾರಣ ಸರಳ. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಡ್ರೈವ್‌ಶಾಫ್ಟಿನ ತಿರುಚು ಹೌಸಿಂಗಿಗೆ ತಾಗಿ ಎಡ ಚಕ್ರವನ್ನು ನೆಲಕ್ಕೆ ಒತ್ತುತ್ತದೆ, ಬಲ ಚಕ್ರವನ್ನು ಎತ್ತಲು ನೋಡುತ್ತದೆ. ಎಡಕ್ಕೆ ಹಿಡಿತ ಜಾಸ್ತಿಯಾಗಿ ಮೂತಿ ಬಲಕ್ಕೆ ಹೋಗುತ್ತದೆ. ಬಲಗಡೆಯ ಮೇಲಿನ ಬಾರನ್ನು ತುಸು ಗಿಡ್ಡ ಮಾಡಿದರೆ ಬಲ ಟಯರಿಗೆ ಮೊದಲೇ ಸ್ವಲ್ಪ ಭಾರ ಸಿಗುತ್ತದೆ. ಒಂದು ಸಲಕ್ಕೆ ಅಡ್ಜಸ್ಟರಿನ ಆರು ಮುಖಗಳಲ್ಲಿ ಒಂದು ಮುಖದಷ್ಟು ಮಾತ್ರ ತಿರುಗಿಸಿ, ಲಾಕ್ ನಟ್ ಬಿಗಿ ಮಾಡಿ, ಓಡಿಸಿ ನೋಡಿ. ಇದನ್ನು ಮಾಡುವಾಗ ಡ್ರೈವರ್ ಸೀಟಿನಲ್ಲಿ ಡ್ರೈವರಿನ ತೂಕ ಇರಲೇಬೇಕು, ಮನುಷ್ಯ ಸಿಗದಿದ್ದರೆ ಮರಳಿನ ಮೂಟೆಯಾದರೂ ಸರಿ. ಖಾಲಿ ಸೀಟಿನ ಗಾಡಿಗೆ ಕೊಟ್ಟ ಪ್ರೀಲೋಡ್ ನೀವು ಕೂತ ಕೂಡಲೇ ಸುಳ್ಳಾಗುತ್ತದೆ.

ಶಾಕ್ ಅಬ್ಸಾರ್ಬರ್ ತಿರುಪುಗಳನ್ನು ತಯಾರಕರು ಹೇಳಿದ ಆರಂಭದ ಸ್ಥಾನಕ್ಕೆ ಎರಡೂ ಕಡೆ ಸಮವಾಗಿ ತಂದಿಡಿ. ಈಗ ಅವು ಎಲ್ಲಿವೆ ಅಂತ ನಿಮಗೇ ನೆನಪಿಲ್ಲ ಅನ್ನುವುದು ನಿಮ್ಮ ಪತ್ರದ ಧಾಟಿಯಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ಲೀಫ್ ಸ್ಪ್ರಿಂಗ್ ಗಾಡಿ ಸರ್. ಆಕ್ಸಲರೇಟರ್ ತುಳಿದರೆ ಹಿಂದಿನ ಚಕ್ರಗಳು ಕುಪ್ಪಳಿಸುತ್ತವೆ, ಇಡೀ ಗಾಡಿ ದಡದಡ ಅನ್ನುತ್ತೆ. ಸ್ಪ್ರಿಂಗ್ ಪೂರ್ತಿ ಬದಲಿಸಬೇಕಾ?

ಉತ್ತರ: ಪಟ್ಟಿ ಮುರಿದಿಲ್ಲದಿದ್ದರೆ, ಕುಸಿದಿಲ್ಲದಿದ್ದರೆ ಬೇಡ. ತಿರುಚು ಬಿದ್ದಾಗ ಪಿನಿಯನ್ (ಡ್ರೈವ್‌ಶಾಫ್ಟ್ ಬಂದು ಕೂಡುವ ಹಲ್ಲಿನ ಗೇರ್) ಮೂತಿ ಮೇಲಕ್ಕೇಳುತ್ತದೆ, ಅದರ ಜೊತೆ ಸ್ಪ್ರಿಂಗ್ ಇಂಗ್ಲಿಷಿನ ಎಸ್ ಅಕ್ಷರದಂತೆ ಸುತ್ತಿಕೊಳ್ಳುತ್ತದೆ. ಸುತ್ತಿಕೊಂಡದ್ದು ಬಿಚ್ಚಿಕೊಂಡಾಗ ಟಯರ್ ನೆಲ ಬಿಡುತ್ತದೆ, ಮತ್ತೆ ಕಚ್ಚುತ್ತದೆ, ಮತ್ತೆ ಸುತ್ತಿಕೊಳ್ಳುತ್ತದೆ. ಆ ದಡದಡ ಅದೇ. ಅದನ್ನು ಹಾಗೇ ಬಿಟ್ಟು ಓಡಿಸಿದರೆ ಮುರಿಯುವುದು ಸ್ಪ್ರಿಂಗ್ ಅಲ್ಲ, ಆಕ್ಸಲ್ ಅಥವಾ ಕ್ರೌನ್ ಪಿನಿಯನ್.

ಸ್ಪ್ರಿಂಗನ್ನು ಹೌಸಿಂಗಿಗೆ ಕಟ್ಟುವ ಯು-ಬೋಲ್ಟ್‌ಗಳು ಸಡಿಲವಾಗಿವೆಯಾ ನೋಡಿ. ಪಟ್ಟಿಗಳನ್ನು ಪೋಣಿಸುವ ಸೆಂಟರ್ ಬೋಲ್ಟ್ ತುಂಡಾಗಿದ್ದರೆ ಹೌಸಿಂಗ್ ಸ್ಪ್ರಿಂಗ್ ಮೇಲೆ ಹಿಂದೆ ಮುಂದೆ ಜಾರುತ್ತಿರುತ್ತದೆ. ಮೇಲಿನಿಂದ ಏನೂ ಕಾಣುವುದಿಲ್ಲ, ಪ್ಯಾಡಿನ ಪಕ್ಕ ಉಜ್ಜಿ ಹೊಳೆಯುವ ಜಾಗ ಮಾತ್ರ ಕಾಣುತ್ತದೆ. ಸ್ಪ್ರಿಂಗಿನ ಮುಂದಿನ ಕಣ್ಣಿನ (ತುದಿಯ ಸುರುಳಿಯ) ಬುಶ್ ರಬ್ಬರ್ ಹರಿದಿದ್ದರೆ ಬದಲಿಸಿ. ಹೊಸ ರಬ್ಬರ್ ಬುಶ್ ಹಾಕಿದಾಗ ಅದರ ಬೋಲ್ಟನ್ನು ಗಾಡಿ ತನ್ನ ಭಾರದಲ್ಲಿ ಚಕ್ರದ ಮೇಲೆ ನಿಂತ ಮೇಲೇ ಕೊನೆಯ ಬಿಗಿ ಮಾಡಬೇಕು. ಚಕ್ರ ತೂಗಾಡುವಾಗ ಬಿಗಿ ಮಾಡಿದರೆ ಗಾಡಿ ಇಳಿಸಿದ ಕ್ಷಣವೇ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಆಮೇಲೆ ಪಿನಿಯನ್ ಕೋನ. ಡ್ರೈವ್‌ಶಾಫ್ಟಿಗೆ ಹೋಲಿಸಿ ಪಿನಿಯನ್ ಮೂತಿ ಕೆಳಗಿರಬೇಕು. ಲೀಫ್ ಸ್ಪ್ರಿಂಗಿಗೆ ಸಾಮಾನ್ಯವಾಗಿ 5ರಿಂದ 7 ಡಿಗ್ರಿ, ಫೋರ್-ಲಿಂಕಿಗೆ 1ರಿಂದ 2 ಸಾಕು. ಸ್ಪ್ರಿಂಗ್ ಎಷ್ಟು ಸುತ್ತಿಕೊಳ್ಳುತ್ತದೋ ಅಷ್ಟನ್ನು ಮೊದಲೇ ಕಳೆದಿಡುವ ಲೆಕ್ಕ ಇದು, ಲಾಂಚ್ ಹೊತ್ತಿಗೆ ಶಾಫ್ಟ್ ಮತ್ತು ಪಿನಿಯನ್ ನೇರಕ್ಕೆ ಬರಲಿ ಅಂತ. ಸ್ಪ್ರಿಂಗಿನ ಮುಂದಿನ ಅರ್ಧವನ್ನು ಕ್ಲ್ಯಾಂಪ್ ಹಾಕಿ ಬಿಗಿ ಮಾಡಿ, ಹಿಂದಿನ ಅರ್ಧದ ಪಟ್ಟಿಗಳನ್ನು ಸಡಿಲ ಬಿಡಿ. ತಡೆಯಬೇಕಾದ ತಿರುಚು ಮುಂದಿನ ಅರ್ಧದಲ್ಲಿದೆ.

ಪ್ರಶ್ನೆ: ಹಿಂದಕ್ಕೆ ಡಿಸ್ಕ್ ಬ್ರೇಕ್ ಹಾಕಿಸಿದ್ದೇನೆ, ನಾಲ್ಕು ಪಿಸ್ಟನ್ ಫಿಕ್ಸೆಡ್ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ, ಜಾಗ ಬಿಟ್ಟು ಸರಿಯದ ಹಿಡಿ). ಶೆಡ್‌ನಲ್ಲಿ ನಿಂತಾಗ ಪೆಡಲ್ ಕಲ್ಲು. ಓಟ ಮುಗಿಸಿ ತುಳಿದರೆ ಮೊದಲ ಸಲ ನೆಲಕ್ಕೆ ಹೋಗುತ್ತೆ, ಎರಡನೇ ಸಲ ಹಿಡಿಯುತ್ತೆ. ಲೈನಿನ ಗಾಳಿ ತೆಗೆಯಲು ಬ್ಲೀಡ್ ಮಾಡಿ ಮಾಡಿ ಸಾಕಾಯಿತು.

ಉತ್ತರ: ಬ್ಲೀಡ್ ಮಾಡುವುದನ್ನು ನಿಲ್ಲಿಸಿ. ಇದು ಗಾಳಿಯಲ್ಲ. ಲೈನಿನಲ್ಲಿ ಗಾಳಿ ಇದ್ದರೆ ಶೆಡ್‌ನಲ್ಲೂ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿರುತ್ತದೆ. ಬ್ರೇಕ್ ಆಯಿಲ್ ಕುದ್ದಿದ್ದರೆ ಬಿಸಿಯಲ್ಲಿ ಮೆತ್ತಗಾಗಿ ಆರಿದ ಮೇಲೆ ಸರಿಹೋಗುತ್ತದೆ, ಎರಡನೇ ತುಳಿತಕ್ಕೇ ಗಟ್ಟಿಯಾಗುವುದಿಲ್ಲ. ಮೊದಲ ತುಳಿತ ಖಾಲಿ, ಎರಡನೆಯದು ಗಟ್ಟಿ ಅಂದರೆ ಪ್ಯಾಡುಗಳು ಡಿಸ್ಕಿನಿಂದ ದೂರ ತಳ್ಳಿಸಿಕೊಂಡಿವೆ. ಮೊದಲ ತುಳಿತ ಅವನ್ನು ವಾಪಸ್ ತರಲು ಖರ್ಚಾಗುತ್ತಿದೆ.

ತಳ್ಳುತ್ತಿರುವುದು ಡಿಸ್ಕೇ. ನಿಮ್ಮ ಆಕ್ಸಲ್ ಸಿ-ಕ್ಲಿಪ್ ಮಾದರಿಯದಾ ನೋಡಿ, ಅಂದರೆ ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಬಲ ಹಂಚುವ ನಡುವಿನ ಗೇರುಗಳು) ಒಳಗೆ ಆಕ್ಸಲ್ ತುದಿಯಲ್ಲಿ ಕುದುರೆ ಲಾಳದಂಥ ಕ್ಲಿಪ್ ಅದನ್ನು ಹಿಡಿದಿರುತ್ತದೆ. ಅದರಲ್ಲಿ ಆಕ್ಸಲ್ ಒಳಗೆ ಹೊರಗೆ ಸ್ವಲ್ಪ ಸರಿದಾಡುವುದು ಸಹಜ. ಜಾರುವ ಕ್ಯಾಲಿಪರ್ ಆದರೆ ಡಿಸ್ಕಿನ ಜೊತೆ ತಾನೂ ಸರಿಯುತ್ತದೆ. ಫಿಕ್ಸೆಡ್ ಕ್ಯಾಲಿಪರ್ ಸರಿಯುವುದಿಲ್ಲ, ಆದ್ದರಿಂದ ಡಿಸ್ಕ್ ಪಿಸ್ಟನ್ ಅನ್ನೇ ಒಳಗೆ ನೂಕುತ್ತದೆ. ಚಕ್ರ ಬಿಚ್ಚಿ, ಹೌಸಿಂಗಿಗೆ ಡಯಲ್ ಗೇಜ್ ಕಟ್ಟಿ, ಆಕ್ಸಲ್ ಫ್ಲ್ಯಾಂಜನ್ನು ಎಳೆದು ನೂಕಿ ನೋಡಿ. ಮುಳ್ಳು ಎಷ್ಟು ಓಡುತ್ತದೋ ಅಷ್ಟೂ ನಿಮ್ಮ ಪೆಡಲಿನಿಂದ ಕದ್ದ ಲೆಕ್ಕ. ಗೇಜ್ ಅಲ್ಲೇ ಇರುವಾಗ ಡಿಸ್ಕನ್ನು ಒಂದು ಸುತ್ತು ತಿರುಗಿಸಿ. 0.1 ಮಿ.ಮೀ.ಗಿಂತ ಜಾಸ್ತಿ ಓಲಾಡಿದರೆ ಡಿಸ್ಕ್ ತೆಗೆದು ಅದು ಫ್ಲ್ಯಾಂಜ್ ಮೇಲೆ ಕೂರುವ ಜಾಗದ ತುಕ್ಕನ್ನು ಉಜ್ಜಿ ಮತ್ತೆ ಅಳೆಯಿರಿ. ಡಿಸ್ಕ್ ಸೊಟ್ಟ ಅಂತ ಎಸೆದ ಎಷ್ಟೋ ಕಡೆ ಸೊಟ್ಟ ಇದ್ದದ್ದು ಆ ತುಕ್ಕಿನ ಚಕ್ಕೆ.

ಪರಿಹಾರ ಎರಡು: ಕ್ಯಾಲಿಪರ್ ಬದಲಿಸಿ ಜಾರುವ ಮಾದರಿ ಹಾಕುವುದು, ಇಲ್ಲವೇ ಸಿ-ಕ್ಲಿಪ್ ತೆಗೆದು ಆಕ್ಸಲನ್ನು ಹೊರ ತುದಿಯಲ್ಲೇ ಬೇರಿಂಗ್ ಸಮೇತ ಹಿಡಿದಿಡುವ ಎಲಿಮಿನೇಟರ್ ಹಾಕುವುದು. ನಾನು ಎರಡನೆಯದನ್ನೇ ಹೇಳುತ್ತೇನೆ, ಬ್ರೇಕಿಗಾಗಿ ಮಾತ್ರ ಅಲ್ಲ. ಸಿ-ಕ್ಲಿಪ್ ಗಾಡಿಯಲ್ಲಿ ಆಕ್ಸಲ್ ತುಂಡಾದರೆ ಚಕ್ರ, ಆಕ್ಸಲ್ ತುಂಡು, ಡಿಸ್ಕ್ ಒಟ್ಟಿಗೆ ಹೊರಗೆ ಬಂದುಬಿಡಬಹುದು. ಕಾಲು ಮೈಲಿಯನ್ನು 10.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಓಡುವ ಗಾಡಿಗೆ ಆಕ್ಸಲ್ ಹಿಡಿದಿಡುವ ಸಾಧನ ಕಡ್ಡಾಯ ಅಂತ ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮ ಮಾಡಿರುವುದು ಸುಮ್ಮನೆ ಅಲ್ಲ. ಅದೇ ನಿಯಮ ಲಾಕ್ ಆದ ಡಿಫರೆನ್ಷಿಯಲ್ ಇರುವ ಗಾಡಿಗಳಿಗೂ ಇದೆ, ಅವು ಎಷ್ಟೇ ನಿಧಾನವಿರಲಿ.

ನಿಜವಾಗಲೂ ಗಾಳಿ ಹೋಗದೆ ಒದ್ದಾಡುತ್ತಿರುವ ಬೇರೆಯವರಿಗೆ ಒಂದು ಮಾತು. ಬ್ಲೀಡರ್ ನಿಪ್ಪಲ್ ಕ್ಯಾಲಿಪರಿನ ಮೇಲ್ತುದಿಯಲ್ಲಿದೆಯಾ ನೋಡಿ. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದರೂ ಬೋಲ್ಟ್ ಕೂರುತ್ತದೆ, ನಿಪ್ಪಲ್ ಮಾತ್ರ ಕೆಳಗೆ ಹೋಗಿರುತ್ತದೆ. ಗಾಳಿ ಮೇಲೆ, ತೂತು ಕೆಳಗೆ. ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲ್ ತಳ್ಳುವ ಸಿಲಿಂಡರ್) ಕ್ಯಾಲಿಪರಿಗಿಂತ ಕೆಳಗೆ ಇರುವ ಗಾಡಿಗೆ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸಿಡುವ 2 ಪಿಎಸ್‌ಐ ರೆಸಿಡ್ಯುಯಲ್ ವಾಲ್ವ್ ಬೇಕು. ಡ್ರಮ್ಮಿಗೆ ಹಾಕುವ 10 ಪಿಎಸ್‌ಐ ವಾಲ್ವನ್ನು ಡಿಸ್ಕಿಗೆ ಹಾಕಿದರೆ ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ಡಾಟ್ 5 ಸಿಲಿಕೋನ್ ಬ್ರೇಕ್ ಆಯಿಲನ್ನು ಡಾಟ್ 3 ಅಥವಾ 4ಕ್ಕೆ ಬೆರೆಸಬೇಡಿ. ಡಾಟ್ 5.1 ಅನ್ನುವುದು ಬೇರೆ ಜಾತಿ, ಅದು ಬೆರೆಯುತ್ತದೆ. ಈ ನಂಬರ್ ಇಟ್ಟ ಪುಣ್ಯಾತ್ಮರು ಯಾರೋ!

ಪ್ರಶ್ನೆ: ಎಂಜಿನ್ನಿಗೆ ದೊಡ್ಡ ಕ್ಯಾಮ್ ಹಾಕಿದ ಮೇಲೆ ವ್ಯಾಕ್ಯೂಮ್ ಸಾಲದೆ, ಕಾಲಿನ ಬಲ ಹೆಚ್ಚಿಸುವ ಬ್ರೇಕ್ ಬೂಸ್ಟರ್ ಕೆಲಸ ಮಾಡಲಿಲ್ಲ, ಕಿತ್ತುಹಾಕಿದೆ. ಈಗ ಪೆಡಲ್ ಮರದ ಹಾಗೆ ಗಟ್ಟಿ, ಗಾಡಿ ನಿಲ್ಲುವುದಿಲ್ಲ. ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಲಾ?

ಉತ್ತರ: ದೊಡ್ಡದಲ್ಲ, ಚಿಕ್ಕದು. ಬೂಸ್ಟರ್ ಇದ್ದ ಗಾಡಿಯ ಪೆಡಲ್ ಅನುಪಾತ 4ರ ಆಸುಪಾಸು ಇರುತ್ತದೆ ಅಂತಿಟ್ಟುಕೊಳ್ಳಿ. ನೀವು 40 ಕೆ.ಜಿ. ಬಲದಲ್ಲಿ ತುಳಿದರೆ ಸಿಲಿಂಡರಿಗೆ ಸಿಗುವುದು 160. ಒಂದು ಇಂಚಿನ ಬೋರಿನ (ಸಿಲಿಂಡರಿನ ಒಳವ್ಯಾಸದ) ವಿಸ್ತೀರ್ಣ ಸುಮಾರು 5.07 ಚದರ ಸೆಂ.ಮೀ., ಹಾಗಾಗಿ ಒತ್ತಡ ಚದರ ಸೆಂ.ಮೀ.ಗೆ 32 ಕೆ.ಜಿ. ಅಷ್ಟೇ. ಪೆಡಲಿನ ಪಿವಟ್ ಬದಲಿಸಿ ಅನುಪಾತ 6 ಮಾಡಿ, ಬೋರನ್ನು 22.2 ಮಿ.ಮೀ.ಗೆ ಇಳಿಸಿದರೆ ಅದೇ ಕಾಲಿಗೆ 62 ಸಿಗುತ್ತದೆ. ಪೆಡಲ್ ಮೊದಲಿಗಿಂತ ಆಳಕ್ಕೆ ಹೋಗುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ನೆಲ ಮುಟ್ಟುವ ಮೊದಲು ಸಾಕಷ್ಟು ಜಾಗ ಉಳಿದಿದೆಯಾ ನೋಡಿಕೊಳ್ಳಿ.

ಪ್ರಶ್ನೆ: ವೆಲ್ಡಿಂಗ್ ಮೊದಲು ಬ್ರೇಕ್ ಕ್ಲೀನರ್ ಹೊಡೆಯಬೇಡಿ ಅಂತ ಕಳೆದ ಸಂಚಿಕೆಯಲ್ಲಿ ಹೆದರಿಸಿದ್ದೀರಿ. ವರ್ಷಗಳಿಂದ ಹೊಡೆಯುತ್ತಿದ್ದೇನೆ, ಏನೂ ಆಗಿಲ್ಲ.

ಉತ್ತರ: ನಿಮ್ಮ ಡಬ್ಬಿ ಕ್ಲೋರಿನ್ ಇಲ್ಲದ್ದಿರಬೇಕು. ಆದರೂ ಅದು ಹತ್ತಿಕೊಳ್ಳುವ ಪದಾರ್ಥ, ಪೂರ್ತಿ ಒಣಗದೆ ಟಾರ್ಚ್ ಹಚ್ಚಬಾರದು. ಡಬ್ಬಿಯ ಮೇಲೆ ಟೆಟ್ರಾಕ್ಲೋರೋಎಥಿಲೀನ್ ಅಂತಿದ್ದರೆ ಕಥೆಯೇ ಬೇರೆ. ಆರ್ಕಿನ ಶಾಖಕ್ಕೂ ಅತಿನೇರಳೆ ಬೆಳಕಿಗೂ ಅದು ಫಾಸ್ಜೀನ್ ಆಗಬಲ್ಲದು, ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅದೇ ವಿಷಾನಿಲ. ಉಸಿರಿಗೆ ಹೋದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬುವುದು ಗಂಟೆಗಟ್ಟಲೆ ತಡವಾಗಿ ಶುರುವಾಗಬಹುದು. ನಾನು ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಇದರ ಜೊತೆಗೆ ಇನ್ನೊಂದು: ಹಳೇ ಡ್ರಮ್ ಬಿಚ್ಚಿದಾಗ ಲೈನರ್ ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ, ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಮಾಡಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.

ಪ್ರಶ್ನೆ: ಪ್ಯಾರಾಚೂಟ್ ಇದೆ. ಆದರೂ ಹಿಂದಿನ ಬ್ರೇಕಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ರಿಪೇರಿ ಮುಗಿಸಿ ನೇರ ಟ್ರ್ಯಾಕಿಗೆ ಹೋಗಬಹುದಾ?

ಉತ್ತರ: ಎನ್‌ಎಚ್‌ಆರ್‌ಎ ಗಂಟೆಗೆ 150 ಮೈಲಿ, ಅಂದರೆ ಸುಮಾರು 241 ಕಿ.ಮೀ. ಮುಟ್ಟುವ ಗಾಡಿಗೆ ಪ್ಯಾರಾಚೂಟ್ ಕಡ್ಡಾಯ ಮಾಡಿದೆ, ಹಾಗಂತ ಬ್ರೇಕಿಗೆ ವಿನಾಯಿತಿ ಕೊಟ್ಟಿಲ್ಲ. ಪ್ಯಾರಾಚೂಟ್ ಬಿಚ್ಚಿಕೊಳ್ಳದ ದಿನ ನಿಮಗೆ ಉಳಿಯುವುದು ಆ ಎರಡು ಡಿಸ್ಕ್ ಮತ್ತು ಮುಂದಿನ ಸಣ್ಣ ಟಯರ್.

ನೇರ ಟ್ರ್ಯಾಕಿಗೆ ಬೇಡ. ಗಾಡಿ ಸ್ಟ್ಯಾಂಡ್ ಮೇಲಿರುವಾಗಲೇ ಒಬ್ಬರು ಪೆಡಲನ್ನು ಬಲವಾಗಿ ಒತ್ತಿ ಹಿಡಿದಿರಲಿ, ನೀವು ಪ್ರತಿ ಜೋಡಣೆಗೂ ಬಿಳಿ ಕಾಗದ ಒತ್ತಿ ನೋಡಿ, ಕಣ್ಣಿಗೆ ಕಾಣದ ಸೋರಿಕೆ ಕಾಗದಕ್ಕೆ ಕಾಣುತ್ತದೆ. ಹಿಂದಿನ ಹೌಸಿಂಗ್ ಪೂರ್ತಿ ಕೆಳಗಿಳಿದಾಗ ಬ್ರೇಕ್ ಹೋಸ್ ಬಿಗಿಯಾಗಿ ಎಳೆದುಕೊಳ್ಳುತ್ತದೆಯಾ, ಪೂರ್ತಿ ಮೇಲೆ ಬಂದಾಗ ಟಯರಿಗೋ ಶಾಕ್ ಅಬ್ಸಾರ್ಬರಿಗೋ ಉಜ್ಜುತ್ತದೆಯಾ ಅನ್ನುವುದನ್ನೂ ಅಲ್ಲೇ ನೋಡಿಕೊಳ್ಳಿ. ಬಿಗಿ ಮಾಡಿದ ಪ್ರತಿ ನಟ್ಟಿಗೂ ಬಣ್ಣದ ಒಂದು ಗೆರೆ ಎಳೆಯಿರಿ, ನಟ್ಟಿನಿಂದ ಬ್ರ್ಯಾಕೆಟ್ ಮೇಲೆ ಹಾಯುವಂತೆ. ಟ್ರ್ಯಾಕಿನಲ್ಲಿ ಮೊದಲ ಓಟ ಅರ್ಧಕ್ಕೆ ಸಾಕು: ಲಾಂಚ್ ಮಾಡಿ, ಆಕ್ಸಲರೇಟರ್ ಬಿಟ್ಟು, ಸಾಧಾರಣ ವೇಗದಿಂದ ಬ್ರೇಕ್ ಹಿಡಿದು ನೋಡಿ. ವಾಪಸ್ ಬಂದು ಗಾಡಿಯ ಕೆಳಗೆ ಹೋದಾಗ ಯಾವ ಗೆರೆ ಮುರಿದಿದೆಯೋ ಆ ನಟ್ಟು ತಿರುಗಿದೆ. ಅದನ್ನು ಸರಿಮಾಡಿದ ಮೇಲೆ ಪೂರ್ತಿ ಓಟ.