ಅಂಟಿನುಂಡೆಯ ಕೊಬ್ಬರಿ ಮತ್ತು ಆಕಾಶದ ಭಯ

ಪತ್ರ: ಮಗಳ ಬಾಣಂತನಕ್ಕೆಂದು ದೆಹಲಿಗೆ ಹೊರಟಿದ್ದೆವು. ಅಂಟಿನುಂಡೆಗೆ ಬೇಕಾಗುತ್ತದೆಂದು ಲಗೇಜಿನಲ್ಲಿ ಎರಡು ಕಿಲೋ ಕೊಬ್ಬರಿ ಇಟ್ಟಿದ್ದೆವು. ವಿಮಾನ ನಿಲ್ದಾಣದಲ್ಲಿ ಕರೆಸಿ, ಪೆಟ್ಟಿಗೆ ಬಿಚ್ಚಿಸಿ ತೆಗೆಸಿದರು. ಕಾರಣ ಕೇಳಲು ಧೈರ್ಯ ಬರಲಿಲ್ಲ. ದೇಶದ ಭದ್ರತೆ ಅಂದುಕೊಂಡು ಸುಮ್ಮನಾದೆ. ಸರಿ ಮಾಡಿದೆನೇ?
– ನಿವೃತ್ತ ಮೇಷ್ಟ್ರು, ತಿಪಟೂರು

ಉತ್ತರ: ತರಗತಿಯಲ್ಲಿ 'ಯಾಕೆ' ಅಂತ ಕೇಳದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿರುತ್ತೀರಿ ಮೇಷ್ಟ್ರೇ. ಇವತ್ತು ನೀವೇ ಹತ್ತಿ ನಿಲ್ಲಬೇಕು.

ಅವರ ಪರವಾಗಿ ಒಂದು ಮಾತು ಹೇಳಿಬಿಡುತ್ತೇನೆ. ಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ. ತೇವ ಸೇರಿ ರಾಶಿ ಬಿದ್ದರೆ ತಾನಾಗಿ ಕಾವೇರುತ್ತದೆ. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದಕ್ಕೆ 1363 ಅಂತ ನಂಬರೇ ಇದೆ. ಹಡಗಿಗೆ ಟನ್ನುಗಟ್ಟಲೆ ತುಂಬುವವರು ಹೆದರಲಿ, ಬೇಡ ಅನ್ನುವುದಿಲ್ಲ.

ಆದರೆ ನಿಮ್ಮೂರಲ್ಲಿ ಕಾಯಿ ಹೆಚ್ಚುಕಡಿಮೆ ವರ್ಷವಿಡೀ ಅಟ್ಟದ ಮೇಲೆ ಕೂತೇ ಅಲ್ಲವೇ ಉಂಡೆ ಕೊಬ್ಬರಿಯಾಗುವುದು? ಅಟ್ಟದ ಕೆಳಗೇ ಜನ ಅಡುಗೆ ಮಾಡಿ, ಉಂಡು, ಮಲಗಿ ಎದ್ದಿದ್ದಾರೆ. ಅಂಥವರಿಗೆ 'ಇದು ಉರಿಯುತ್ತೆ ಯಜಮಾನರೇ, ಅದಕ್ಕೇ ಬೇಡ' ಅನ್ನಲು ಎಷ್ಟು ಹೊತ್ತು ಬೇಕು? ಪೆಟ್ಟಿಗೆ ಬಿಚ್ಚಿಸುವಷ್ಟು ಹೊತ್ತಂತೂ ಬೇಡ.

ಇನ್ನೊಂದು ತಮಾಷೆ ಕೇಳಿ. ಇಡೀ ತೆಂಗಿನಕಾಯಿಯನ್ನೂ ಕೈಚೀಲದಲ್ಲಿ ಒಯ್ಯುವ ಹಾಗಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಅಯ್ಯಪ್ಪ ಭಕ್ತರ ಇರುಮುಡಿಯ ಕಾಯಿಗೆ ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿತು, 2025ರ ಜನವರಿ 20ರವರೆಗೆ. ಒಳ್ಳೆಯದೇ ಆಯಿತು, ಸ್ವಾಮಿಯೇ ಶರಣಂ. ಆದರೆ 21ರ ಬೆಳಿಗ್ಗೆ ಆ ಕಾಯಿಯೊಳಗೆ ಅದೇನು ಹೊಕ್ಕಿತು ಅಂತ ನಾನು ಇವತ್ತಿಗೂ ಯೋಚಿಸುತ್ತಿದ್ದೇನೆ.

ಅಮೆರಿಕದ ಕಥೆಯೂ ಇಷ್ಟೇ. 2001ರ ಡಿಸೆಂಬರ್‌ನಲ್ಲಿ ಒಬ್ಬ ಬೂಟಿನಲ್ಲಿ ಬಾಂಬು ಅಡಗಿಸಿ ತಂದ. 2006ರಿಂದ ಎಲ್ಲರ ಬೂಟೂ ಬಿಚ್ಚಿಸಿದರು. 2025ರ ಜುಲೈನಲ್ಲಿ ಬೇಡ ಅಂದರು. ನಡುವೆ 2009ರಲ್ಲಿ ಇನ್ನೊಬ್ಬ ಒಳಚಡ್ಡಿಯಲ್ಲೇ ತಂದಿದ್ದ. ಅದನ್ನು ಬಿಚ್ಚಿಸಲಿಲ್ಲ ಅನ್ನುವುದೇ ಪುಣ್ಯ. ಇಷ್ಟೆಲ್ಲ ಮಾಡಿಯೂ 2015ರಲ್ಲಿ ಅವರದೇ ಸರ್ಕಾರದವರು ವೇಷ ಮರೆಸಿ ಪರೀಕ್ಷೆ ನಡೆಸಿದಾಗ 70ರಲ್ಲಿ 67 ಸಲ ಆಯುಧವೋ ನಕಲಿ ಬಾಂಬೋ ಒಳಗೆ ದಾಟಿತ್ತು ಅಂತ ಪತ್ರಿಕೆಗಳಲ್ಲಿ ಬಂತು. ನಿಮ್ಮ ಕೊಬ್ಬರಿ ಮಾತ್ರ ಮೊದಲ ಸಲಕ್ಕೇ ಸಿಕ್ಕಿಬಿತ್ತು ನೋಡಿ!

ತಪಾಸಣೆಯೇ ಬೇಡದ ಗಣ್ಯರ ಪಟ್ಟಿಯೊಂದಿದೆ. ಅದರಲ್ಲಿದ್ದ ಕಲಾಂ ಅವರನ್ನೇ 2009ರಲ್ಲಿ ದೆಹಲಿಯಲ್ಲಿ ಅಮೆರಿಕದ ವಿಮಾನ ಕಂಪನಿಯವರು ತಡವಿ ನೋಡಿದರು. ಅವರು ತುಟಿ ಪಿಟಕ್ಕೆನ್ನಲಿಲ್ಲ. ಕಂಪನಿ ಆಮೇಲೆ ಕ್ಷಮೆ ಕೇಳಿತು. ನಿಮ್ಮ ಹಾಗೆ ಅವರೂ ಮೇಷ್ಟ್ರೇ, ಅದಕ್ಕೇ ಇರಬೇಕು.

ಅಷ್ಟು ದೂರ ಯಾಕೆ? ತುಮಕೂರಿನ ಒಂದು ಕಚೇರಿಯ ಬಾಗಿಲಲ್ಲಿ ಲೋಹ ಪತ್ತೆ ಮಾಡುವ ಚೌಕಟ್ಟು ನಿಲ್ಲಿಸಿದ್ದಾರೆ. ನಾನು ದಾಟಿದಾಗ ಕಿರ್ರೋ ಅಂತು. ಪಕ್ಕದಲ್ಲಿ ಕೂತಾತ ತಲೆ ಎತ್ತಲಿಲ್ಲ. ಮುಂದಿನ ವಾರ ಹೋದರೆ ಅದರ ಪ್ಲಗ್ ಕಿತ್ತು ಫ್ಯಾನಿಗೆ ಹಾಕಿಕೊಂಡಿದ್ದ. ಸೆಖೆ ನಿಜವಾದದ್ದು, ಬಿಡಿ. ಅರ್ಜಿ ಹಿಡಿದು ಬಂದ ಮುದುಕಿ ಮಾತ್ರ ಆ ಸತ್ತ ಚೌಕಟ್ಟಿನೊಳಗೇ ಬಗ್ಗಿ, ಕೈಮುಗಿದು ದಾಟುತ್ತಿದ್ದಳು. ಗರ್ಭಗುಡಿಯ ಬಾಗಿಲು ಅಂದುಕೊಂಡಳೋ ಏನೋ.

ಅದಿರಲಿ, ಮಗಳಿಗೆ ಅಂಟಿನುಂಡೆ ಆಯಿತೋ ಇಲ್ಲವೋ, ಅದನ್ನು ಬರೆಯಲೇ ಇಲ್ಲವಲ್ಲ ನೀವು? ಮನೆಯವರನ್ನು ಕೇಳಿ ಒಂದು ಕಾರ್ಡು ಹಾಕಿ.
– ಸಂ.